ಯಾವ ಮೂರಂಕಿ ಸಂಖ್ಯೆ ಹಿಡಿದರೂ ಕೊನೆಗೆ 495 ಬರುವುದೇಕೆ?

ಆಟ ಇಷ್ಟೇ: ಸಂಖ್ಯೆಯ ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ; ಬಂದ ಉತ್ತರಕ್ಕೂ ಹೀಗೇ ಮಾಡುತ್ತಾ ಹೋಗಿ. ಕಳೆಯುವಾಗ ನಡುವಿನ ಅಂಕಿ ತಾನೇ ವಜಾ ಆಗಿಬಿಡುತ್ತದೆ. ಗುಟ್ಟು ಅಲ್ಲಿದೆ. ಉಳಿಯುವುದು 99 × (ದೊಡ್ಡ ಅಂಕಿ − ಚಿಕ್ಕ ಅಂಕಿ). ಅಂದರೆ ನೂರಾರು ಸಂಖ್ಯೆಗಳಿಂದ ಹೊರಟರೂ ಮೊದಲ ಹೆಜ್ಜೆಗೇ 99, 198, 297 ಹೀಗೆ 891ರವರೆಗಿನ ಒಂಬತ್ತೇ ಉತ್ತರಗಳು.

ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ ಹೋಗುವ 335ಇ ಬಸ್ಸಿನ ಅಂಕಿಗಳನ್ನೇ ತೆಗೆದುಕೊಳ್ಳಿ. 533 − 335 = 198. ಮುಂದೆ 981 − 189 = 792. ಆಮೇಲೆ 693, 594, ಕಡೆಗೆ 495. ಸಿಗ್ನಲ್ ಬಿಡುವಷ್ಟರಲ್ಲಿ ಮುಗಿಯುವ ಲೆಕ್ಕ!

ಆ ಒಂಬತ್ತು ಉತ್ತರಗಳಲ್ಲೂ ನಡುವಿನ ಅಂಕಿ 9, ಅಕ್ಕಪಕ್ಕದವುಗಳ ಮೊತ್ತವೂ 9 (99 ಬಂದರೆ 099 ಎಂದು ಬರೆಯಬೇಕು). ಹಾಗಾಗಿ ದೊಡ್ಡ ಅಂಕಿ ಯಾವಾಗಲೂ 9. ಚಿಕ್ಕದು ಮಾತ್ರ ಹೆಜ್ಜೆಗೊಂದರಂತೆ 1, 2, 3 ಎಂದು ಏರಿ 4ಕ್ಕೆ ನಿಲ್ಲುತ್ತದೆ; ಮೊತ್ತ 9 ಆಗಬೇಕಾದ ಎರಡು ಅಂಕಿಗಳಲ್ಲಿ ಚಿಕ್ಕದು 4ನ್ನು ಮೀರಲಾರದು. ಆಗ 99 × 5 = 495, ಮತ್ತೆ ಮಾಡಿದರೂ 954 − 459 = 495. ಹೆಚ್ಚೆಂದರೆ ಆರು ಹೆಜ್ಜೆ.

333ರಂತೆ ಮೂರೂ ಅಂಕಿ ಒಂದೇ ಆದರೆ ಸೊನ್ನೆ ಬರುತ್ತದೆ, ಅದನ್ನು ಬಿಡಿ. ನಾಲ್ಕಂಕಿಗಳಲ್ಲಿ ಇದೇ ಆಟ 6174ಕ್ಕೆ ತಲುಪುತ್ತದೆ. ಅದನ್ನು ಕಂಡುಹಿಡಿದವರು ನಾಸಿಕ್ ಬಳಿಯ ದೇವಳಾಲಿಯ ಶಾಲಾ ಮೇಷ್ಟ್ರು ದ. ರಾ. ಕಾಪ್ರೇಕರ್.