ಮಾಡಿಫೈ ಮಾಡ್ಸಿರೋ ಕ್ವಾಡ್ ಬೈಕ್ ಎಷ್ಟು ಹೆಚ್‌ಪಿ ಇದೆ ಅಂತ ಡೈನೋ (ಪವರ್ ಅಳೆಯೋ ಮಷೀನ್) ಇಲ್ದೆ ತಿಳ್ಕೊಳ್ಳೋದು ಹೇಗೆ?

ಸೈಲೆನ್ಸರ್, ಕಾರ್ಬ್ಯುರೇಟರ್ ಬದಲಾಯಿಸಿದ್ರೆ ಇಷ್ಟು ಪರ್ಸೆಂಟ್ ಜಾಸ್ತಿ ಅನ್ನೋ ಬಾಯಿಲೆಕ್ಕ ನಂಬ್ಬೇಡಿ, ಅಳೆದೇ ನೋಡಿ. ಮೊದ್ಲು ತೂಕ, ಕೋಲಾರ ಎಪಿಎಂಸಿ ಕಡೆ ಟೊಮೇಟೊ ಲೋಡ್ ತೂಗೋ ವೇಬ್ರಿಡ್ಜ್ ಮೇಲೆ ನೀವು ಕೂತ್ಕೊಂಡೇ ಗಾಡಿ ತೂಗ್ಸಿ, 10 ಕೆಜಿ ಆಚೀಚೆ ಆದ್ರೂ ಪರ್ವಾಗಿಲ್ಲ. ಆಮೇಲೆ ಸಮತಟ್ಟಾದ ಗಟ್ಟಿ ನೆಲದಲ್ಲಿ (ರೋಡಲ್ಲಿ ಬೇಡ, ಹೆಲ್ಮೆಟ್ ಹಾಕ್ಕೊಳಿ) ಒಂದೇ ಗೇರಲ್ಲಿ ಫುಲ್ ಥ್ರಾಟಲ್ ಕೊಟ್ಟು 30ರಿಂದ 60 ಕಿ.ಮೀ. ಸ್ಪೀಡ್‌ಗೆ ಹೋಗೋಕೆ ಎಷ್ಟು ಸೆಕೆಂಡ್ ಅಂತ ಫೋನಿನ ಜಿಪಿಎಸ್ ಆಪಲ್ಲಿ ರೆಕಾರ್ಡ್ ಮಾಡಿ, ಟೈರ್ ಸೈಜ್ ಬದಲಾಗಿದ್ರೆ ಗಾಡಿ ಮೀಟರ್ ತಪ್ಪು ತೋರ್ಸುತ್ತೆ.

ಒಟ್ಟು 270 ಕೆಜಿ, 3 ಸೆಕೆಂಡ್ ಅನ್ಕೊಳಿ. ಸ್ಪೀಡ್ ಮೀಟರ್/ಸೆಕೆಂಡ್ ಲೆಕ್ಕದಲ್ಲಿ 16.67 ಮತ್ತೆ 8.33, ಇವೆರಡರ ವರ್ಗದ ವ್ಯತ್ಯಾಸಾನ ತೂಕದ ಅರ್ಧದಿಂದ ಗುಣಿಸಿದ್ರೆ ಸುಮಾರು 28,100 ಜೂಲ್, ಅದನ್ನ 3ರಿಂದ ಆಮೇಲೆ 746ರಿಂದ (1 ಹೆಚ್‌ಪಿ ಅಂದ್ರೆ 746 ವ್ಯಾಟ್) ಭಾಗಿಸಿ, 12.6 ಹೆಚ್‌ಪಿ.

ಇಲ್ಲಿಗೇ ನಿಲ್ಲಿಸ್ಬೇಡಿ, ಗಾಳಿ ಮತ್ತೆ ಆ ದಪ್ಪ ಟೈರ್ ತಿನ್ನೋ ಪವರ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಅದೇ ಜಾಗದಲ್ಲಿ ನ್ಯೂಟ್ರಲ್ ಮಾಡಿ 60ರಿಂದ 30ಕ್ಕೆ ಇಳಿಯೋ ಟೈಮ್ ನೋಡಿ, 10 ಸೆಕೆಂಡ್ ಆದ್ರೆ ಅದೇ ಲೆಕ್ಕದಲ್ಲಿ 3ರ ಬದ್ಲು 10ರಿಂದ ಭಾಗಿಸಿ ಬರೋ 3.8 ಸೇರ್ಸಿ, 16.4 ಆಯ್ತು. ಇದು ಚಕ್ರಕ್ಕೆ ಸಿಗೋ ಸರಾಸರಿ ಪವರ್, ಪೀಕ್ ಇದಕ್ಕಿಂತ ಮೇಲಿರುತ್ತೆ. ಎದುರುಗಾಳಿ, ಇಳಿಜಾರು ಸರಿಹೋಗೋಕೆ ಎರಡೂ ದಿಕ್ಕಲ್ಲಿ ಓಡ್ಸಿ ಸರಾಸರಿ ತಗೊಳಿ.