ಹಳೇ ಪಿಕಪ್ ಏರಿನಲ್ಲಿ ದಮ್ಮು ಕಟ್ಟಿ ನಿಲ್ಲುತ್ತೆ, ಪಂಪ್ ಬಿಚ್ಚಿಸಲೇಬೇಕಾ?

ಈಗಲೇ ಬಿಚ್ಚಿಸಬೇಡಿ. ಗ್ಯಾರೇಜಿನವರಿಗೆ ಎರಡು ದಿನ ತಡೀರಿ ಅಂತ ಹೇಳಿ.

ನೀವು ಬರೆದದ್ದರಲ್ಲಿ ನನಗೆ ತಿಳಿದಿದ್ದು ಇಷ್ಟು: 2008ರ ಡೀಸೆಲ್ ಪಿಕಪ್, ಹಿರಿಯೂರು ಕಡೆಯಿಂದ ದಾವಣಗೆರೆ ಮಾರ್ಕೆಟ್ಟಿಗೆ ಈರುಳ್ಳಿ ಹೊಡೀತೀರಿ. ಖಾಲಿ ಗಾಡಿಗೆ ಏನೂ ತೊಂದರೆ ಇಲ್ಲ. ಲೋಡ್ ಇದ್ದಾಗ ಚಿತ್ರದುರ್ಗದ ಹತ್ತಿರ ಏರಿನಲ್ಲಿ ಎಳೆಯೋದು ಕಮ್ಮಿಯಾಗಿ, ಎರಡು ಸಲ ಕೆಮ್ಮಿ ನಿಂತುಬಿಡುತ್ತೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತೆ. ಪಿ.ಬಿ. ರೋಡಿನ ಗ್ಯಾರೇಜಿನಲ್ಲಿ ಪಂಪ್ (ನಾಝಲ್‌ಗೆ ಒತ್ತಡದಿಂದ ಡೀಸೆಲ್ ತಳ್ಳೋದು) ಹೋಗಿದೆ, ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸೋ ನಾಝಲ್ ಸೇರಿ 22,000 ಅಂದಿದ್ದಾರೆ.

ನಾನು ಮೆಕ್ಯಾನಿಕ್ ಅಲ್ಲ. ಆನಗೋಡಿನ ಹತ್ತಿರದ ಹಳ್ಳಿಯವನು, ಹದಿಮೂರು ವರ್ಷದಿಂದ ಇಂಥದೇ ಹಳೇ ಗಾಡಿಯಲ್ಲಿ ಮೆಕ್ಕೆಜೋಳ ಹೊಡೀತಿದ್ದೀನಿ. ಒಂದು ಸಲ ಸುಮ್ಮಸುಮ್ಮನೆ ಪಂಪ್ ಬಿಚ್ಚಿಸಿ 14,000 ಕಳಕೊಂಡಿದ್ದೀನಿ. ನನಗಿರೋ ಅರ್ಹತೆ ಅದೇ.

ನೀವು ಎಲ್ಲಾ ಬರೆದಿದ್ದೀರಿ, ಹೊಗೆ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಡೀಸೆಲ್ ಗಾಡಿಯ ನಾಡಿ ಸಿಗೋದೇ ಸೈಲೆನ್ಸರ್ ತುದಿಯಲ್ಲಿ. ಏರಿನಲ್ಲಿ ಶಕ್ತಿ ಇಳಿಯುವಾಗ ಕಪ್ಪು ಹೊಗೆ ಕಾರಿದರೆ, ಎಂಜಿನ್ನಿಗೆ ಡೀಸೆಲ್ ಬರ್ತಿದೆ, ಸುಡೋದಕ್ಕೆ ಗಾಳಿ ಸಾಲ್ತಿಲ್ಲ. ಇಲ್ಲಾ ನಾಝಲ್ ಸಿಂಪಡಿಸೋ ಬದಲು ತೊಟ್ಟಿಕ್ಕುತ್ತಿದೆ. ಆಕ್ಸಲರೇಟರ್ ಪೂರ್ತಿ ತುಳಿದರೂ ಹೊಗೆಯಿಲ್ಲ, ಎಳೆಯೋದೂ ಇಲ್ಲ ಅಂದ್ರೆ ಡೀಸೆಲ್ಲೇ ಬಂದು ಮುಟ್ಟುತ್ತಿಲ್ಲ. ಕನ್ನಡಿಯಲ್ಲಿ ಸರಿಯಾಗಿ ಕಾಣಲ್ಲ, ಹಿಂದೆ ಬೈಕಿನಲ್ಲಿ ಯಾರನ್ನಾದರೂ ಬರೋಕೆ ಹೇಳಿ.

ನಿಮ್ಮದು ಎರಡನೇದು, ಅಂದ್ರೆ ಡೀಸೆಲ್ ಬಂದು ಮುಟ್ಟದೇ ಇರೋದು ಅಂತ ನನ್ನ ಅನುಮಾನ. ಆ ಹತ್ತು ನಿಮಿಷ ಇದೆಯಲ್ಲ, ಅದರಿಂದ. ಸವೆದ ಪಂಪ್ ಹತ್ತು ನಿಮಿಷ ಕೂತು ಎದ್ದರೆ ವಾಸಿಯಾಗಲ್ಲ. ಅದರ ಲಕ್ಷಣವೇ ಬೇರೆ: ಎಂಜಿನ್ ಬಿಸಿ ಇದ್ದಾಗ ಆಫ್ ಮಾಡಿದರೆ ಮತ್ತೆ ಹತ್ತಲ್ಲ, ಚೆನ್ನಾಗಿ ಆರಬೇಕು, ಖಾಲಿ ಗಾಡಿಗೂ ಅದೇ ಪಾಡು. ನಿಮ್ಮದು ಲೋಡ್ ಹಾಕಿದಾಗ ಮಾತ್ರ. ಖಾಲಿ ಗಾಡಿ ಸಮ ರಸ್ತೆಯಲ್ಲಿ ಕುಡಿಯೋ ಡೀಸೆಲ್ಲಿಗೂ, ಹೇರು ಹೊತ್ತು ಏರು ಹತ್ತುವಾಗ ಕುಡಿಯೋದಕ್ಕೂ ಬಹಳ ಅಂತರ. ದಾರಿಯಲ್ಲೆಲ್ಲೋ ಅರ್ಧ ಕಟ್ಟಿಕೊಂಡಿದ್ದರೆ ಖಾಲಿ ಗಾಡಿಗೆ ಗೊತ್ತೇ ಆಗಲ್ಲ. ಪಿಕಪ್ ಗಾಡಿಗೆ ಪಿಕಪ್ ಇಲ್ಲ ಅಂತ ನಮ್ಮ ಹಮಾಲರು ನಗೋದು ಇಂಥ ಹೊತ್ತಿನಲ್ಲೇ.

ನನ್ನ ಕತೆ ಕೇಳಿ. ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಟ್ಯಾಂಕಿನ ಮುಚ್ಚಳ ಕಳೀತು. ಮಳೆಗಾಲ, ನೀರು ಹೋಗಬಾರದು ಅಂತ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ, ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿದೆ. ಜಾಣತನ ಮಾಡಿದೆ ಅಂದ್ಕೊಂಡಿದ್ದೆ. ಅದಾದ ವಾರದಲ್ಲೇ ಗಾಡಿ ಇಪ್ಪತ್ತು ಕಿಲೋಮೀಟರಿಗೊಮ್ಮೆ ನಿಲ್ಲೋಕೆ ಶುರು. ಗ್ಯಾರೇಜಿಗೆ ಬಿಟ್ಟೆ, ಪಂಪ್ ಅಂದ್ರು, ಬಿಚ್ಚಿದ್ರು, ಕಟ್ಟಿದ್ರು. ಕವರನ್ನ ಯಾರೂ ಮುಟ್ಟಲಿಲ್ಲ. ದುಡ್ಡು ಕೊಟ್ಟ ಮೂರನೇ ದಿನ ಭರಮಸಾಗರದ ಹತ್ತಿರ ಜೋಳ ತುಂಬಿಕೊಂಡು ನಿಂತಿದ್ದೀನಿ, ಪಕ್ಕದ ಹೋಟೆಲಿನಲ್ಲಿ ಮಿರ್ಚಿ ತಿಂತಿದ್ದ ವಯಸ್ಸಾದ ಲಾರಿ ಡ್ರೈವರ್ ಒಬ್ಬರು ಕೈ ಒರೆಸ್ಕೊಂಡು ಬಂದರು. ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. "ತಮ್ಮಾ, ಆ ಟ್ಯಾಂಕಿನ ಬಾಯಿ ಬಿಚ್ಚು" ಅಂದರು. ಟ್ಯೂಬ್ ಸಡಿಲ ಮಾಡಿದೆ, ಸುಯ್ ಅಂತ ಗಾಳಿ ಒಳಗೆ ನುಗ್ಗಿತು. ಡೀಸೆಲ್ ಖಾಲಿಯಾದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು, ಅದಕ್ಕೇ ಒಳ್ಳೆ ಮುಚ್ಚಳದಲ್ಲಿ ಸಣ್ಣ ದಾರಿ ಇರುತ್ತೆ. ನಾನು ಅದನ್ನೇ ಕಟ್ಟಿಹಾಕಿದ್ದೆ. ಗಾಡಿ ನಿಂತಾಗ ಹತ್ತು ನಿಮಿಷದಲ್ಲಿ ಸಂದಿಗೊಂದಿಯಿಂದ ಒಂದಿಷ್ಟು ಗಾಳಿ ಹೋಗ್ತಿತ್ತು, ಮತ್ತೆ ಓಡ್ತಿತ್ತು.

ಹಾಗಾಗಿ ಮೊದಲು ಮುಚ್ಚಳ. ಗಾಡಿ ನಿಂತ ಕೂಡಲೇ ಇಳಿದು ತೆಗೀರಿ, ಕಿವಿ ಕೊಡಿ. ಸದ್ದಿಲ್ಲ ಅಂದ್ರೆ ಮುಂದಕ್ಕೆ ಹೋಗಿ.

ಆ ಹತ್ತು ನಿಮಿಷ ಕಾಯೋ ಮುಂಚೆಯೇ ಬಾನೆಟ್ ಎತ್ತಿ, ಲೈನಿಗೆ ಕೈಯಿಂದ ಡೀಸೆಲ್ ತುಂಬಿಸೋ ಹ್ಯಾಂಡ್ ಪಂಪ್ ಒತ್ತಿ ನೋಡಿ. ಎರಡು ಮೂರು ಒತ್ತಿಗೇ ಗಟ್ಟಿಯಾದರೆ ಅಲ್ಲಿತನಕ ಡೀಸೆಲ್ ತುಂಬಿದೆ. ಇಪ್ಪತ್ತು ಸಲ ಒತ್ತಿದರೂ ಮೆತ್ತಗೇ ಇದ್ದರೆ ಲೈನಿನಲ್ಲಿ ಏರ್ ಹಿಡಿದಿದೆ. ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಇಳಿಸಿ. ನೀರಿದ್ದರೆ ತಳಕ್ಕೆ ಕೂರುತ್ತೆ, ಕಣ್ಣಿಗೇ ಕಾಣುತ್ತೆ. ಫಿಲ್ಟರ್ ಯಾವಾಗ ಹಾಕಿದ್ದು ನೆನಪಿಲ್ಲ ಅಂದ್ರೆ ಹೊಸದು ಹಾಕಿ, 22,000ದ ಮುಂದೆ ಅದು ಯಾವ ಲೆಕ್ಕ.

ಆಮೇಲೆ ಕ್ಯಾನ್ ಪರೀಕ್ಷೆ. ನನ್ನ ಪ್ರಕಾರ ಇದೊಂದೇ ಸಾಕು ಜಗಳ ಬಿಡಿಸೋಕೆ. ಹತ್ತು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತಗೊಂಡು, ಬಾಡಿಯ ಮುಂದಿನ ಮೂಲೆಯಲ್ಲಿ ಎಂಜಿನ್ನಿಗಿಂತ ಎತ್ತರಕ್ಕೆ, ಸೈಲೆನ್ಸರ್‌ನಿಂದ ದೂರ ಭದ್ರವಾಗಿ ಕಟ್ಟಿ. ಕ್ಯಾಬಿನ್ ಒಳಗೆ ಇಡಬೇಡಿ. ಟ್ಯಾಂಕಿನ ಪೈಪ್ ತೆಗೆದು, ಕ್ಯಾನಿನಿಂದ ಹೊಸ ಹೋಸ್ ಫೀಡ್ ಪಂಪಿಗೆ (ಟ್ಯಾಂಕಿನಿಂದ ಡೀಸೆಲ್ ಹೀರಿ ತರೋ ಪಂಪ್) ಕೊಡಿ. ಉಳಿದ ಡೀಸೆಲ್ ವಾಪಸ್ ತರೋ ರಿಟರ್ನ್ ಪೈಪನ್ನೂ ಮರೀದೇ ಕ್ಯಾನಿಗೇ ತಿರುಗಿಸಿ. ನಾನು ಮೊದಲ ಸಲ ಇದನ್ನ ಮಾಡಿದಾಗ ರಿಟರ್ನ್ ಹಾಗೇ ಬಿಟ್ಟಿದ್ದೆ. ಉಳಿದ ಡೀಸೆಲ್ಲೆಲ್ಲಾ ಟ್ಯಾಂಕಿಗೆ ಹೋಗಿ ಕ್ಯಾನ್ ಬರಿದಾಗಿ ಗಾಡಿ ಮತ್ತೆ ನಿಂತಿತು, ಪಂಪೇ ಹೋಗಿದೆ ಅಂತ ಇನ್ನೊಂದು ಸಲ ಅತ್ತೆ. ಲೈನಿನಲ್ಲಿ ಸೇರಿದ ಏರ್ ತೆಗೆದು, ಅದೇ ಲೋಡ್ ಹಾಕಿ, ಅದೇ ಏರಿಗೆ ಹೋಗಿ. ಕ್ಯಾನಿನ ಮೇಲೆ ಚೆನ್ನಾಗಿ ಹತ್ತಿದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನ ನಡುವೆಯೇ ಇದೆ. ಹೊಸ ಫಿಲ್ಟರ್ ಹಾಕಿ, ಕ್ಯಾನಿನ ಮೇಲೂ ಕೆಮ್ಮಿ ನಿಂತರೆ ಫೀಡ್ ಪಂಪ್ ನೋಡಿಸಿ, ಅದೂ ಸರಿ ಇದ್ದರೆ ಮಾತ್ರ ನಿಮ್ಮ ಮೇಸ್ತ್ರಿ ಹೇಳಿದ್ದೇ ಸರಿ ಇರಬಹುದು.

ದೋಷ ಆ ನಡುವೆ ಸಿಕ್ಕರೆ ಎರಡೇ ಕಡೆ ಹುಡುಕಿ. ಒಂದು, ರಬ್ಬರ್ ಹೋಸ್. ಅಲ್ಲಿ ಡೀಸೆಲ್ ಒತ್ತಡದಿಂದ ಬರಲ್ಲ, ಫೀಡ್ ಪಂಪ್ ಅದನ್ನ ಹೀರಿ ತರುತ್ತೆ. ಹೋಸ್ ಬಿರುಕು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಹೋಗುತ್ತೆ. ಅದಕ್ಕೇ "ಎಲ್ಲೂ ಲೀಕ್ ಇಲ್ಲ" ಅನ್ನೋ ಮಾತನ್ನ ಈ ಕಡೆಗೆ ನಂಬಬೇಡಿ. ಪಾರದರ್ಶಕ ಪೈಪ್ ಒಂದು ಅಡಿ ನಡುವೆ ಹಾಕಿದರೆ ಗುಳ್ಳೆ ಓಡೋದು ಕಾಣುತ್ತೆ. ಇನ್ನೊಂದು, ಟ್ಯಾಂಕ್ ಒಳಗಿನ ಜಾಲರಿ. ತಳದ ತುಕ್ಕು, ಕೆಸರು, ಕ್ಯಾನಿನಿಂದ ಸುರಿಯುವಾಗ ಬಿದ್ದ ಪ್ಲಾಸ್ಟಿಕ್ ಚೂರು ಜೋರಾಗಿ ಹೀರುವಾಗ ಬಂದು ಜಾಲರಿಗೆ ಅಂಟುತ್ತೆ, ಗಾಡಿ ನಿಂತ ಮೇಲೆ ಕಳಚಿ ಬೀಳುತ್ತೆ. ನಿಮ್ಮ ಹತ್ತು ನಿಮಿಷಕ್ಕೆ ಇದೇ ಹೆಚ್ಚು ಹೊಂದುತ್ತೆ, ನಾನಾಗಿದ್ದರೆ ಇದರ ಮೇಲೇ ಪಣ ಕಟ್ಟುತ್ತಿದ್ದೆ. ಟ್ಯಾಂಕ್ ಇಳಿಸಿ ತೊಳೆಸೋದು ಅರ್ಧ ದಿನದ ಕೆಲಸ.

ಹೊಗೆ ಬೇರೆ ಬಣ್ಣ ಬಂದರೆ ದಾರಿಯೂ ಬೇರೆ. ಕಪ್ಪಾದರೆ ಮೊದಲು ಏರ್ ಫಿಲ್ಟರ್. ಜೋಳದ ಸೀಸನ್ನಿನಲ್ಲಿ ನಮ್ಮದು ಹೊಟ್ಟು ಧೂಳಿನಿಂದ ಕಂಬಳಿಯಂತೆ ಆಗಿರುತ್ತೆ. ನೀಲಿಯಾದರೆ ಆಯಿಲ್ ಸುಡ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ, ಜೊತೆಗೆ ರೇಡಿಯೇಟರ್ ನೀರು ಇಳೀತಿದ್ರೆ ಹೆಡ್ ಗ್ಯಾಸ್ಕೆಟ್ ನೋಡಿಸಿ, ಆ ಗಾಡಿ ಓಡಿಸಬೇಡಿ. ಇನ್ನು ಕೆಮ್ಮದೇ, ಸ್ವಿಚ್ ತೆಗೆದ ಹಾಗೆ ಥಟ್ಟನೆ ನಿಂತರೆ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್ (ಕರೆಂಟಿನಿಂದ ಡೀಸೆಲ್ ಬಿಡೋ, ನಿಲ್ಲಿಸೋ ಭಾಗ) ವೈರ್ ಅಲ್ಲಾಡಿಸಿ ನೋಡಿ. ನಿಮ್ಮದರಲ್ಲಿ ಎಂಜಿನ್ ಆಫ್ ಮಾಡೋಕೆ ಎಳೆಯೋ ಕೇಬಲ್ ಇದ್ದರೆ ಆ ಮಾತು ಬಿಡಿ.

ಒಂದು ಮಾತ್ರ ನೀವಾಗಿ ಮಾಡಬೇಡಿ. ಪಂಪಿನಿಂದ ನಾಝಲ್‌ಗೆ ಹೋಗೋ ಉಕ್ಕಿನ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ಯಾವ ಸಿಲಿಂಡರ್ ಸತ್ತಿದೆ ಅಂತ ಮೇಸ್ತ್ರಿಗಳು ನೋಡ್ತಾರೆ. ಅಲ್ಲಿ ಒತ್ತಡ 100 ಬಾರ್ ದಾಟಿರುತ್ತೆ, ಸೂಜಿಯಂಥ ಡೀಸೆಲ್ ಚಿಮ್ಮಿದರೆ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸಣ್ಣ ಚುಕ್ಕೆಯಂತೆ ಕಂಡರೂ ಆಸ್ಪತ್ರೆಗೆ ಓಡಬೇಕು.

ಹೊಗೆ ಬಣ್ಣ ನೋಡಿ ಬರೀರಿ, ಜೊತೆಗೆ ಗಾಡಿ ನಿಂತಾಗ ಟ್ಯಾಂಕಿನಲ್ಲಿ ಎಷ್ಟು ಡೀಸೆಲ್ ಇರುತ್ತೆ ಅನ್ನೋದನ್ನೂ.