ಸ್ಮಿತ್‌ಗೂ ಸಂಶಯದ ಲಾಭ ಕೊಡಬೇಕಾ?

ಹೋದ ತಿಂಗಳು ಇದೇ ಪುಟದಲ್ಲಿ ಯಾರಿಗೋ ಉತ್ತರ ಬರೆಯುತ್ತಾ, ಈ ಕಾಲದ ಟೆಸ್ಟ್ ಬ್ಯಾಟರ್‌ಗಳಲ್ಲಿ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಆಟ ನೋಡುವುದೇ ನನಗೆ ಇಷ್ಟ ಅಂದುಬಿಟ್ಟೆ. ಒಂದೇ ಒಂದು ಸಾಲು. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಬೈಗುಳ, ಉಳಿದದ್ದು ಪ್ರಶ್ನೆ. ಬೈಗುಳವನ್ನು ನಾನೇ ಇಟ್ಟುಕೊಂಡಿದ್ದೇನೆ. ಪ್ರಶ್ನೆಗಳಿಗೆ ಈ ಸಲದ ಪುಟ ಪೂರ್ತಿ ಬಿಟ್ಟುಕೊಟ್ಟಿದ್ದೇನೆ.

ಪ್ರ: 2017ರಲ್ಲಿ ನಾನು ಚಿನ್ನಸ್ವಾಮಿ ಸ್ಟೇಡಿಯಂನಲ್ಲಿದ್ದೆ ಸಾರ್. ಔಟಾದ ಮೇಲೆ ಸ್ಮಿತ್ ಡ್ರೆಸ್ಸಿಂಗ್ ರೂಮ್ ಕಡೆ ನೋಡಿದ್ದನ್ನು ಕಣ್ಣಾರೆ ಕಂಡು 'ಚೀಟರ್' ಅಂತ ಗಂಟಲು ಹರಿಯುವಂತೆ ಕೂಗಿದ್ದೆ. ಈಗ ಹನ್ನೊಂದು ವರ್ಷದ ನನ್ನ ಮಗ ಸ್ಮಿತ್ ಥರವೇ ಆಫ್ ಸ್ಟಂಪ್ ಕಡೆ ನಡೆದುಕೊಂಡು ಹೋಗಿ ಆಡುತ್ತಾನೆ. 'ಅವನು ಮೋಸಗಾರ ಕಣೋ' ಅಂದರೆ 'ಹಾಗಾದ್ರೆ ಯಾಕೆ ಆಡಿಸ್ತಾರೆ?' ಅಂತಾನೆ. ಏನು ಹೇಳಲಿ? (ಬೆಂಗಳೂರು)

ಉ: ಮಗನ ಪ್ರಶ್ನೆ ನಿಮ್ಮದಕ್ಕಿಂತ ಚೆನ್ನಾಗಿದೆ, ಬೇಜಾರು ಮಾಡ್ಕೋಬೇಡಿ.

ನೀವು ಅವತ್ತು ಕಂಡದ್ದನ್ನೇ ಇನ್ನೊಮ್ಮೆ ನೋಡೋಣ. ಪುಣೆಯಲ್ಲಿ 333 ರನ್‌ಗಳಿಂದ ಸೋತು ನಮ್ಮವರು ಬೆಂಗಳೂರಿಗೆ ಬಂದಿದ್ದರು. ಇಲ್ಲಿ ಆಸ್ಟ್ರೇಲಿಯಾಕ್ಕೆ ಗೆಲ್ಲಲು 188 ಬೇಕಿತ್ತು. ಸ್ಮಿತ್ 28ರಲ್ಲಿದ್ದಾಗ ಉಮೇಶ್ ಯಾದವ್ ಹಾಕಿದ ಒಂದು ಚೆಂಡು ಮೇಲೇಳಲೇ ಇಲ್ಲ, ನೆಲ ಸವರಿಕೊಂಡು ಬಂದು ಪ್ಯಾಡಿಗೆ ಬಡಿಯಿತು, ಎಲ್‌ಬಿಡಬ್ಲ್ಯು. ರಿವ್ಯೂ, ಅಂದರೆ ತೀರ್ಪನ್ನು ಟಿವಿಯಲ್ಲಿ ಮತ್ತೆ ನೋಡಿ ಅಂತ ಕೇಳುವುದಾದರೆ, ಪಿಚ್ ಮೇಲಿರುವ ಇಬ್ಬರು ಬ್ಯಾಟರ್‌ಗಳೇ ಮಾತಾಡಿಕೊಂಡು ಕೇಳಬೇಕು, ಒಳಗೆ ಟಿವಿ ನೋಡುತ್ತಾ ಕೂತವರನ್ನು ಕೇಳುವ ಹಾಗಿಲ್ಲ. ಸ್ಮಿತ್ ಎದುರಿಗಿದ್ದ ಪೀಟರ್ ಹ್ಯಾಂಡ್ಸ್‌ಕಂಬ್ ಹತ್ತಿರ ಹೋದರು, ಆಮೇಲೆ ತಿರುಗಿ ಒಳಗಿದ್ದವರ ಕಡೆ ನೋಡಿದರು. ಅಂಪೈರ್ ನೈಜೆಲ್ ಲಾಂಗ್ ಧಾವಿಸಿ ತಡೆದರು. ನಮ್ಮ ನಾಯಕ ಕೊಹ್ಲಿಯೂ ನುಗ್ಗಿದರು. ಆಸ್ಟ್ರೇಲಿಯಾ 112ಕ್ಕೆ ಆಲೌಟ್, ನಾವು 75 ರನ್‌ಗಳಿಂದ ಗೆದ್ದೆವು. ಎರಡೂ ಇನಿಂಗ್ಸ್‌ನಲ್ಲಿ ಅರ್ಧ ಶತಕ ಹೊಡೆದ ನಮ್ಮ ಕೆ.ಎಲ್. ರಾಹುಲ್ ಪಂದ್ಯಶ್ರೇಷ್ಠ, ಆದರೆ ಅದನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ಪಾಪ!

ಸಂಜೆ ಸ್ಮಿತ್, ಆ ಕ್ಷಣಕ್ಕೆ ತಲೆ ಓಡಲಿಲ್ಲ, ಹಾಗೆ ಮಾಡಬಾರದಿತ್ತು ಅಂದರು. ನೋಡು ಅಂತ ಹೇಳಿದ್ದು ನಾನೇ, ನಿಯಮ ಗೊತ್ತಿರಲಿಲ್ಲ ಅಂತ ಹ್ಯಾಂಡ್ಸ್‌ಕಂಬ್ ಟ್ವೀಟ್ ಮಾಡಿದರು. ಇದು ಮೊದಲ ಸಲ ಅಲ್ಲ, ಹಿಂದೆಯೂ ಮಾಡಿದ್ದಾರೆ ಅಂತ ಕೊಹ್ಲಿ ಹೇಳಿದರು, ಆದರೆ ನೀವು ಕೂಗಿದ ಆ ಪದವನ್ನು ಮಾತ್ರ ಬಾಯಿಂದ ಹೊರಬಿಡಲಿಲ್ಲ. ಕ್ರಿಕೆಟ್‌ನ ಜಾಗತಿಕ ಸಂಸ್ಥೆ ಐಸಿಸಿ ಯಾರ ಮೇಲೂ ಕ್ರಮ ತೆಗೆದುಕೊಳ್ಳಲಿಲ್ಲ. ಅಂದರೆ ಅಲ್ಲಿಗೆ ಅದು ಬರೀ ಆರೋಪ. ನಿಮ್ಮ ಕೂಗಿಗೆ ಬಡ್ಡಿ ಸಮೇತ ಸಾಕ್ಷಿ ಸಿಕ್ಕಿದ್ದು ಒಂದು ವರ್ಷದ ಮೇಲೆ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ, ಸ್ಮಿತ್ ತಂಡದವರು ಚೆಂಡು ಕೆಡಿಸಿ ಸಿಕ್ಕಿಬಿದ್ದಾಗ.

ಮಗನಿಗೆ ನಡೆದದ್ದನ್ನು ನಡೆದ ಹಾಗೇ ಹೇಳಿ. ತಂಡದವರು ಮೋಸ ಮಾಡುವುದು ಗೊತ್ತಿದ್ದೂ ತಡೆಯಲಿಲ್ಲ, ಆಮೇಲೆ ಅದರ ಬಗ್ಗೆ ಸುಳ್ಳು ಬೇರೆ, ಒಂದು ವರ್ಷ ಆಚೆ ಹಾಕಿದರು, ವರ್ಷ ಮುಗಿಯಿತು, ಅದಕ್ಕೇ ಆಡಿಸುತ್ತಾರೆ. ಅವನಿಗೆ ಅರ್ಥವಾಗುತ್ತೆ. ಆ ಆಫ್ ಸ್ಟಂಪ್ ನಡಿಗೆ ಮಾತ್ರ ಈಗಲೇ ಬಿಡಿಸಿ. ಸ್ಮಿತ್‌ಗೆ ಆ ಕಣ್ಣು ಆ ಕೈ ಇದೆ, ಬೇರೆಯವರು ಹಾಗೆ ನಡೆದರೆ ಸೀದಾ ಪೆವಿಲಿಯನ್‌ವರೆಗೂ ನಡೆಯಬೇಕಾಗುತ್ತೆ.

ಪ್ರ: ಕೇಪ್‌ಟೌನ್‌ನಲ್ಲಿ ಚೆಂಡಿಗೆ ಉಪ್ಪುಕಾಗದ ಉಜ್ಜಿದರು ಅಂತಾರೆ. ಚೆಂಡು ಒರಟಾದರೆ ಬೌಲರ್‌ಗೆ ಏನು ಲಾಭ? ನನಗೆ ತಿಳಿದ ಹಾಗೆ ಎಲ್ಲರೂ ಅದನ್ನು ಪ್ಯಾಂಟಿಗೆ ಉಜ್ಜಿ ಹೊಳಪು ಬರಿಸುತ್ತಾರಲ್ಲ? (ಹುಬ್ಬಳ್ಳಿ)

ಉ: ಹೊಳಪು ಬರಿಸುವುದು ಒಂದೇ ಬದಿಗೆ. ಇನ್ನೊಂದು ಬದಿ ಸವೆದು ಒರಟಾಗಲಿ ಅಂತ ಸುಮ್ನೆ ಬಿಡುತ್ತಾರೆ. ಚೆಂಡು ಹಳೆಯದಾಗಿ, ಎರಡು ಬದಿಗೂ ಸಾಕಷ್ಟು ವ್ಯತ್ಯಾಸ ಬಂದಾಗ, ಜೋರಾಗಿ ಎಸೆಯುವವನ ಕೈಯಲ್ಲಿ ಅದು ಮಾಮೂಲಿ ತಿರುಗುವ ದಿಕ್ಕು ಬಿಟ್ಟು ಉಲ್ಟಾ ತಿರುಗುತ್ತೆ, ಹೊಳಪಿನ ಕಡೆಗೆ. ಅದೇ ರಿವರ್ಸ್ ಸ್ವಿಂಗ್. ಬೆವರು ಹಚ್ಚಬಹುದು, ಬಟ್ಟೆಗೆ ಉಜ್ಜಬಹುದು. ಉಗುರು, ಬಾಟಲಿ ಮುಚ್ಚಳ, ಉಪ್ಪುಕಾಗದ ಯಾವುದೂ ಇಲ್ಲ. ಸಿಕ್ಕಿಬಿದ್ದರೆ ಅಂಪೈರ್ ಚೆಂಡು ಬದಲಿಸಿ, ಎದುರಾಳಿಗೆ ಐದು ರನ್ ಪುಕ್ಕಟೆ ಕೊಡಬಹುದು.

24 ಮಾರ್ಚ್ 2018, ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನ, ದಕ್ಷಿಣ ಆಫ್ರಿಕಾ ವಿರುದ್ಧದ ಮೂರನೇ ಟೆಸ್ಟ್‌ನ ಮೂರನೇ ದಿನ. ಕ್ಯಾಮೆರಾದವರು ಆಸ್ಟ್ರೇಲಿಯಾದ ಕ್ಯಾಮರಾನ್ ಬ್ಯಾಂಕ್ರಾಫ್ಟ್ ಮೇಲೆ ಕಣ್ಣಿಟ್ಟಿದ್ದರು. ಅವನ ಅಂಗೈಯಲ್ಲಿ ಹಳದಿ ಬಣ್ಣದ್ದೇನೋ ಪುಟ್ಟ ತುಂಡು. ದೊಡ್ಡ ಪರದೆ ಮೇಲೆ ಅದು ಬಂದದ್ದೇ ತಡ, ಕೋಚ್ ವಾಕಿ-ಟಾಕಿ ಎತ್ತಿಕೊಂಡರು, ಬದಲಿ ಆಟಗಾರನೊಬ್ಬ ಒಳಗೆ ಓಡಿ ಬಂದು ಬ್ಯಾಂಕ್ರಾಫ್ಟ್ ಹತ್ತಿರ ಏನೋ ಹೇಳಿದ (ಯಾರು ಅಂತೀರಿ, ಅದೇ ಹ್ಯಾಂಡ್ಸ್‌ಕಂಬ್!). ಬ್ಯಾಂಕ್ರಾಫ್ಟ್ ಆ ತುಂಡನ್ನು ಪ್ಯಾಂಟಿನೊಳಗೆ ತುರುಕಿದ. ಅಂಪೈರ್‌ಗಳು ಬಂದು ಏನಪ್ಪಾ ಅದು ಅಂತ ಕೇಳಿದಾಗ ಜೇಬಿನಿಂದ ಕನ್ನಡಕ ಒರೆಸುವ ಕಪ್ಪು ಬಟ್ಟೆ ತೆಗೆದು ತೋರಿಸಿದ. ಕೇಳಿದವರಲ್ಲಿ ಒಬ್ಬರು ಬೆಂಗಳೂರಲ್ಲಿ ತಡೆದಿದ್ದ ಅದೇ ನೈಜೆಲ್ ಲಾಂಗ್. ಚೆಂಡಿನಲ್ಲಿ ಅವರಿಗೆ ಏನೂ ಕಾಣಲಿಲ್ಲ, ಬದಲಿಸಲೂ ಇಲ್ಲ. ಇಷ್ಟೆಲ್ಲ ಮಾಡಿ ಲಾಭ ಏನು ಅಂದಿರಲ್ಲ, ಆಸ್ಟ್ರೇಲಿಯಾ ಎರಡನೇ ಇನಿಂಗ್ಸ್‌ನಲ್ಲಿ 107ಕ್ಕೆ ಉದುರಿ 322 ರನ್‌ಗಳಿಂದ ಸೋತಿತು.

ಪ್ರ: ಸ್ಮಿತ್‌ಗೆ ಐಸಿಸಿ ಕೊಟ್ಟದ್ದು ಒಂದೇ ಟೆಸ್ಟ್ ನಿಷೇಧ. ಅವರ ಬೋರ್ಡೇ ಒಂದು ವರ್ಷ ಕೊಟ್ಟದ್ದು ಜಾಸ್ತಿ ಆಗಲಿಲ್ವಾ? (ಮೈಸೂರು)

ಉ: ಚೆಂಡಿಗೆ ಮಾತ್ರ ಆಗಿದ್ದರೆ ಜಾಸ್ತಿ. ಆದರೆ ಅವತ್ತು ಸಂಜೆ ಪತ್ರಕರ್ತರ ಮುಂದೆ ಕೂತು, ಅದು ಅಂಟು ಟೇಪು, ಅದಕ್ಕೆ ಪಿಚ್ ಪಕ್ಕದ ಮಣ್ಣು ಮೆತ್ತಿಸಿಕೊಂಡಿದ್ದೆವು ಅಂತ ಕಥೆ ಹೇಳಿದರು ನೋಡಿ, ಶಿಕ್ಷೆ ಅದಕ್ಕೂ ಸೇರಿ. ಉಪ್ಪುಕಾಗದ ಅಂತ ಗೊತ್ತಾಗಿದ್ದು ಆಮೇಲೆ. ಯೋಜನೆ ಹಾಕಿದ್ದು, ಹೇಗೆ ಉಜ್ಜಬೇಕು ಅಂತ ತೋರಿಸಿಕೊಟ್ಟಿದ್ದು ಉಪನಾಯಕ ಡೇವಿಡ್ ವಾರ್ನರ್ ಅಂತ ಬೋರ್ಡ್ ತನಿಖೆ ಹೇಳಿತು. ಸ್ಮಿತ್ ತಪ್ಪು: ಗೊತ್ತಿದ್ದೂ ತಡೆಯಲಿಲ್ಲ, ಕ್ಯಾಪ್ಟನ್ ಆಗಿ ಜನಕ್ಕೆ ದಾರಿ ತಪ್ಪಿಸುವ ಮಾತಾಡಿದರು. ಇಬ್ಬರಿಗೂ 12 ತಿಂಗಳು, ಬ್ಯಾಂಕ್ರಾಫ್ಟ್‌ಗೆ 9. ನಾಯಕತ್ವ ಹೋಯಿತು, ಆ ವರ್ಷದ ಐಪಿಎಲ್ ಬಾಗಿಲೂ ಮುಚ್ಚಿತು.

ನನ್ನ ತಕರಾರು ಬೇರೆ. ಅದೇ ವರ್ಷ ಕೊನೆಯಲ್ಲಿ ಹೊರಗಿನವರಿಂದ ಮಾಡಿಸಿದ ಪರಿಶೀಲನೆ, ಏನಾದರೂ ಆಗಲಿ ಗೆಲ್ಲಲೇಬೇಕು ಅನ್ನುವ ವಾತಾವರಣಕ್ಕೆ ಬೋರ್ಡಿನವರೂ ಜವಾಬ್ದಾರರು ಅಂದಿತು. ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಆದರೆ ಅವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ ಹೇಳಿ? ಮಸಿ ಎಲ್ಲಾ ಮೂರು ಮುಖಕ್ಕೆ.

ಪ್ರ: ನಿಷೇಧ ಆದ ಮೇಲೆ ದೇಶಕ್ಕೆ ಮರಳಿದ ಸ್ಮಿತ್ ಸಿಡ್ನಿ ಏರ್‌ಪೋರ್ಟಲ್ಲಿ ಪತ್ರಕರ್ತರ ಮುಂದೆ ಅತ್ತದ್ದು ನಾಟಕ ಅಂತ ನಮ್ಮ ಯಜಮಾನರ ವಾದ. ನನಗೆ ಹಾಗನ್ನಿಸಲಿಲ್ಲ. (ಶಿವಮೊಗ್ಗ)

ಉ: ನಾನು ನಿಮ್ಮ ಕಡೆ ಮೇಡಂ. ಮಾತು ಕಟ್ಟಿದಾಗ ಹಿಂದೆ ನಿಂತಿದ್ದ ಅಪ್ಪ ಹೆಗಲ ಮೇಲೆ ಕೈ ಇಟ್ಟರಲ್ಲ, ಅದನ್ನು ನಿಮ್ಮ ಯಜಮಾನರಿಗೆ ಇನ್ನೊಂದು ಸಲ ತೋರಿಸಿ. ಆ ಅಪ್ಪನ ಕೈ ನೋಡಿಯೂ ನಾಟಕ ಅಂದರೆ, ಬಿಡಿ, ಅವರಿಗೊಂದು ಕಾಫಿ ಕೊಟ್ಟು ಸುಮ್ಮನಾಗಿ.

ಪ್ರ: 2019ರ ವಿಶ್ವಕಪ್‌ನಲ್ಲಿ ಕೊಹ್ಲಿ ನಮ್ಮ ಅಭಿಮಾನಿಗಳಿಗೆ 'ಚಪ್ಪಾಳೆ ಹೊಡೀರಿ' ಅಂತ ಸನ್ನೆ ಮಾಡಿದ್ದು ಕ್ಯಾಮೆರಾಗಾಗಿ ಅಲ್ವಾ? (ತುಮಕೂರು)

ಉ: ಕ್ಯಾಮೆರಾ ಇದ್ದದ್ದು ನಿಜ, ಎಲ್ಲಿ ಇರಲ್ಲ? ಓವಲ್ ಮೈದಾನದಲ್ಲಿ ಬೌಂಡರಿ ಹತ್ತಿರ ನಿಂತ ಸ್ಮಿತ್‌ಗೆ ನಮ್ಮವರೇ ಹೂಗುಟ್ಟಿ ಗೇಲಿ ಮಾಡುತ್ತಿದ್ದರು. ಕೊಹ್ಲಿ ಅವರತ್ತ ತಿರುಗಿ ಕೈಯಾಡಿಸಿ, ಚಪ್ಪಾಳೆ ತಟ್ಟಿ ಅಂದರು. ಆಮೇಲೆ ಪ್ರೇಕ್ಷಕರ ಪರವಾಗಿ ಸ್ಮಿತ್ ಹತ್ತಿರ ಕ್ಷಮೆಯನ್ನೂ ಕೇಳಿದರು. ಆ ವರ್ಷ ಐಸಿಸಿ ಅದಕ್ಕೊಂದು ಪ್ರಶಸ್ತಿಯನ್ನೇ ಕೊಟ್ಟಿತು. ಎರಡು ವರ್ಷ ಹಿಂದೆ ಬೆಂಗಳೂರಲ್ಲಿ ಇದೇ ಸ್ಮಿತ್ ಮೇಲೆ ಸಿಡಿದಿದ್ದ ಮನುಷ್ಯ ಇವರು. ಅದಕ್ಕೇ ನನಗೆ ಆ ಸನ್ನೆಗೆ ಬೆಲೆ ಜಾಸ್ತಿ ಅನ್ನಿಸುತ್ತೆ.

ಪ್ರ: ಸ್ಮಿತ್ ಬಗ್ಗೆ ಇಷ್ಟು ಕನಿಕರ ಇರುವ ನೀವು ನಮ್ಮ ದ್ರಾವಿಡ್ ಹೆಸರನ್ನು ಇದಕ್ಕೆ ಎಳೆಯುವುದಿಲ್ಲ ಅಂದುಕೊಂಡಿದ್ದೇನೆ. (ದಾವಣಗೆರೆ)

ಉ: ಎಳೆದದ್ದು ನೀವೇ ಅಲ್ವಾ! ನೆನಪಿಲ್ಲದವರಿಗೆ: ಜನವರಿ 2004, ಬ್ರಿಸ್ಬೇನ್, ಜಿಂಬಾಬ್ವೆ ವಿರುದ್ಧ ಏಕದಿನ ಪಂದ್ಯ. ದ್ರಾವಿಡ್ ಬಾಯಲ್ಲಿದ್ದ ಕೆಮ್ಮಿನ ಗೋಲಿಯ ಸಿಹಿ ಚೆಂಡಿಗೆ ಹತ್ತಿದ್ದು ಕ್ಯಾಮೆರಾದಲ್ಲಿ ಬಂತು. ಮ್ಯಾಚ್ ರೆಫರಿ ಕ್ಲೈವ್ ಲಾಯ್ಡ್ ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡ ಹಾಕಿದರು. ಗೊತ್ತಿಲ್ಲದೆ ಆದದ್ದು ಅಂತ ಕೋಚ್ ಜಾನ್ ರೈಟ್ ಹೇಳಿದರು, ನಾವೆಲ್ಲ ಹೂಂ ಅಂದೆವು. ನಾನಂತೂ ಯೋಚಿಸಲೂ ಇಲ್ಲ. ಅದಕ್ಕೂ ಮೊದಲು, 2001ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಸಚಿನ್ ಚೆಂಡಿನ ಹೊಲಿಗೆ ಕೆರೆದರು ಅಂತ ಮ್ಯಾಚ್ ರೆಫರಿ ಮೈಕ್ ಡೆನ್ನೆಸ್ ಶಿಕ್ಷೆ ಕೊಟ್ಟಾಗ ಇಡೀ ದೇಶ ಎದ್ದು ನಿಂತಿತು. ಅಂಟಿದ ಹುಲ್ಲು ತೆಗೆಯುತ್ತಿದ್ದರು, ಅಂಪೈರ್‌ಗೆ ಹೇಳಲಿಲ್ಲ ಅಷ್ಟೇ ಅನ್ನುವುದು ನಮ್ಮ ವಾದ. ಡೆನ್ನೆಸ್ ಬೇಡವೇ ಬೇಡ ಅಂತ ಬೋರ್ಡ್‌ಗಳು ಹಟ ಹಿಡಿದು, ಮುಂದಿನ ಟೆಸ್ಟನ್ನು ಅವರಿಲ್ಲದೆ ಆಡಿಸಿ, ಕೊನೆಗೆ ಐಸಿಸಿ ಆ ಟೆಸ್ಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇವೆಲ್ಲ ಕೇಪ್‌ಟೌನ್‌ಗೆ ಸಮ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಮೊದಲೇ ಮಾತಾಡಿಕೊಂಡು ಮಾಡಿದ್ದು, ಆಮೇಲೆ ಸುಳ್ಳು ಹೇಳಿದ್ದು. ಆದರೆ ಬೆಂಗಳೂರಿನ ಆ ನೋಟಕ್ಕೂ ಬ್ರಿಸ್ಬೇನ್‌ನ ಆ ಗೋಲಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣಲ್ಲ. ದ್ರಾವಿಡ್ ಅಂದರೆ ನಮ್ಮ ಮನೆ ಹುಡುಗ, ತಿಂಗಳ ಹಿಂದೆ ಅಡಿಲೇಡ್‌ನಲ್ಲಿ 233 ಹೊಡೆದು ಟೆಸ್ಟ್ ಗೆಲ್ಲಿಸಿದ್ದವನು, ಹಾಗಾಗಿ ನಾವು ಕ್ಯಾಮೆರಾಗಿಂತ ಅವನನ್ನೇ ನಂಬಿದೆವು. ಈಗಲೂ ನಂಬುತ್ತೇನೆ. ಸಿಡ್ನಿಯಲ್ಲಿ ಯಾರೋ ಒಬ್ಬ ಸ್ಮಿತ್‌ನನ್ನು ಹೀಗೇ ನಂಬಿದ್ದರೆ ಅವನನ್ನು ಬೈಯಲು ನನಗೆ ಬಾಯಿ ಬರಲ್ಲ.

ಪ್ರ: ಶಿಕ್ಷೆ ಮುಗಿಸಿ ಬಂದವನು 2021ರಲ್ಲಿ ಸಿಡ್ನಿಯಲ್ಲಿ ರಿಷಭ್ ಪಂತ್ ತಾನು ನಿಲ್ಲುವ ಜಾಗಕ್ಕೆ ಕ್ರೀಸಿನಲ್ಲಿ ಹಾಕಿಕೊಂಡಿದ್ದ ಗಾರ್ಡ್ ಗುರುತು ಅಳಿಸಿದ. ಇದಕ್ಕೇನಂತೀರಿ? (ಕಲಬುರಗಿ)

ಉ: ನಾನೂ ಅವತ್ತು ಆ ವಿಡಿಯೋ ನೋಡಿ 'ಬಂದ ನೋಡು ಹಳೇ ಕಳ್ಳ' ಅಂದಿದ್ದೆ, ಒಪ್ಪಿಕೊಳ್ಳುತ್ತೇನೆ. ಆಮೇಲೆ ಇನ್ನೂ ನಾಲ್ಕು ಸಲ ನೋಡಿದೆ. ಡ್ರಿಂಕ್ಸ್ ಬಿಡುವಿನಲ್ಲಿ ಸ್ಟಂಪ್ ಕ್ಯಾಮೆರಾಗೆ ಮುಖ ಕಾಣಲ್ಲ, 49 ನಂಬರಿನ ಅಂಗಿ ಮಾತ್ರ ಕಾಣುತ್ತೆ. ಕ್ರೀಸಿಗೆ ಬಂದು, ಎಡಗೈ ಬ್ಯಾಟರ್ ನಿಲ್ಲುವ ಜಾಗದಲ್ಲಿ ನಿಂತು, ಗಾಳಿಯಲ್ಲೇ ಒಂದು ಹೊಡೆತ ಆಡಿ, ಕಾಲಿನಿಂದ ನೆಲ ಕೆರೆದು ಗುರುತು ಹಾಕುತ್ತಾರೆ. ಸ್ಮಿತ್ ಪ್ರತಿ ಪಂದ್ಯದಲ್ಲೂ ಹೀಗೇ ಮಾಡುತ್ತಾರೆ, ಬೌಲರ್ ಎಲ್ಲಿ ಹಾಕುತ್ತಿದ್ದಾನೆ, ಬ್ಯಾಟರ್ ಹೇಗೆ ಆಡುತ್ತಿದ್ದಾನೆ ಅಂತ ಮನಸ್ಸಿನಲ್ಲೇ ಆಡಿ ನೋಡುವುದು ಅವರ ಚಾಳಿ ಅಂತ ನಾಯಕ ಟಿಮ್ ಪೇನ್ ಹೇಳಿದರು. ಯಾರೂ ದೂರು ಕೊಡಲಿಲ್ಲ, ಶಿಕ್ಷೆಯೂ ಆಗಲಿಲ್ಲ. ಪಂತ್ ಬಂದು ಮತ್ತೆ ಗಾರ್ಡ್ ತೆಗೆದುಕೊಂಡು 97 ಹೊಡೆದ.

ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅದು ಸುದ್ದಿಯೇ ಆಗುತ್ತಿರಲಿಲ್ಲ. ನಮ್ಮ ಆಟದಲ್ಲಿ ಅನುಮಾನ ಬಂದರೆ ಲಾಭ ಬ್ಯಾಟರ್‌ಗೆ ಅಂತ ಒಂದು ಹಳೇ ಪದ್ಧತಿ ಇದೆಯಲ್ಲ, ಸ್ಮಿತ್‌ಗೆ ಕೇಪ್‌ಟೌನ್‌ನಲ್ಲಿ ಕಳೆದುಹೋದದ್ದು ಅದೇ. ನಾಯಕತ್ವ ಕೂಡ ಮತ್ತೆ ಸಿಕ್ಕಿತು, 2023ರಲ್ಲಿ ಇಂದೋರ್‌ನಲ್ಲಿ ನಮ್ಮನ್ನೇ ಸೋಲಿಸಿದರು. ರನ್ ಬಗ್ಗೆ ಹೇಳುವುದೇ ಬೇಡ: 2019ರಲ್ಲಿ ಇಂಗ್ಲೆಂಡ್ ವಿರುದ್ಧದ ಆಶಸ್ ಸರಣಿಯಲ್ಲಿ ಎಜ್‌ಬಾಸ್ಟನ್ ಜನ ಉಪ್ಪುಕಾಗದ ಹಿಡಿದು ಬೀಸುತ್ತಿದ್ದಾಗಲೇ 144 ಮತ್ತು 142, ಇಡೀ ಸರಣಿಯಲ್ಲಿ ಏಳೇ ಇನಿಂಗ್ಸ್‌ನಲ್ಲಿ 774. ಆದರೂ 2021ರಲ್ಲಿ ಕಾಲಿನಿಂದ ಸ್ವಲ್ಪ ಮಣ್ಣು ಕೆರೆದ ಕೂಡಲೇ ನಾನು, ನೀವು, ಎಲ್ಲರೂ ಎದ್ದು ನಿಂತೆವು.

ಪ್ರ: ದೊಡ್ಡವರ ವಿಷಯ ಬಿಡಿ ಸಾರ್. ಆರು ವರ್ಷದ ಹಿಂದೆ ನಮ್ಮೂರ ಟೆನಿಸ್ ಬಾಲ್ ಟೂರ್ನಮೆಂಟ್ ಫೈನಲ್‌ನಲ್ಲಿ ನೆಲಕ್ಕೆ ತಾಗಿದ ಕ್ಯಾಚನ್ನು ನಾನು ಔಟ್ ಅಂದೆ ಅಂತ ಗಲಾಟೆ ಆಯಿತು. ದೇವರಾಣೆ ಕ್ಲೀನ್ ಕ್ಯಾಚ್. ಇವತ್ತಿಗೂ ಬಿಟ್ಟಿಲ್ಲ. ಮೊನ್ನೆ ಮದುವೆ ಊಟದಲ್ಲಿ ಎಲೆಯಿಂದ ಜಾರಿದ ಹಪ್ಪಳ ಹಿಡಿದೆ, ಇಡೀ ಪಂಕ್ತಿ 'ನೆಲಕ್ಕೆ ತಾಗಿದೆ!' ಅಂತ ಕೂಗಿತು. ಹೇಗೆ ಸಾಬೀತು ಮಾಡಲಿ? (ಕುಂದಾಪುರ)

ಉ: ಆಗಲ್ಲ ಮಾರಾಯ್ರೆ. ಕ್ಯಾಮೆರಾ ಇಲ್ಲ, ಮೂರನೇ ಅಂಪೈರ್ ಇಲ್ಲ, ಹಿಡಿದ ಬೆರಳಿಗೆ ಮಾತ್ರ ಗೊತ್ತು.

ನನ್ನದೊಂದು ಕೇಳಿ. ಕಾಲೇಜಿನಲ್ಲಿದ್ದಾಗ ಒಂದು ಪಂದ್ಯದಲ್ಲಿ ಚೆಂಡು ನನ್ನ ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈಗೆ ಹೋಯಿತು. ಸದ್ದು ಬರಲಿಲ್ಲ, ಅಂಪೈರ್ ತಲೆ ಅಲ್ಲಾಡಿಸಿದರು, ನಾನು ಬಗ್ಗಿ ಶೂ ಲೇಸ್ ಕಟ್ಟಿಕೊಂಡೆ. ಆಮೇಲೆ ಇನ್ನೂ ಮೂವತ್ತು ಹೊಡೆದು ಗೆಲ್ಲಿಸಿದೆ. ಬಹುಮಾನವಾಗಿ ಸಿಕ್ಕ ಸ್ಟೀಲ್ ಲೋಟದಲ್ಲಿ ಈಗ ನಮ್ಮ ಮನೆಯಲ್ಲಿ ಅಕ್ಕಿ ಅಳೆಯುತ್ತಾರೆ. ನನ್ನನ್ನು ಇವತ್ತಿನವರೆಗೂ ಯಾರೂ ಚೀಟರ್ ಅಂದಿಲ್ಲ, ನಿಮ್ಮನ್ನು ಊರೆಲ್ಲ ಅನ್ನುತ್ತೆ.

ಅಂದ ಹಾಗೆ ಆ ಹಪ್ಪಳ ತಿಂದಿರಾ, ಬಿಟ್ಟಿರಾ? ಅದನ್ನು ಬರೆಯಲೇ ಇಲ್ಲ ನೀವು.